ಏಳು ತಂತಿಯ ಪಿಟೀಲು, ಕೊನೇ ಸಾಲಿನ ಕಿವಿ

ಪಿಟೀಲು ಚೌಡಯ್ಯನವರ ಬಗ್ಗೆ ಬರೆಯುವವರಿಗೆ ಒಂದು ಚಾಳಿ ಅಂಟಿಕೊಂಡಿದೆ. ಮೊದಲು ಗುರುಭಕ್ತಿ, ಆಮೇಲೆ ಅರಮನೆ, ಕೊನೆಗೆ ಬಿರುದುಗಳ ಪಟ್ಟಿ. ಶಾಲೆ ಹುಡುಗರ ಪ್ರಬಂಧದಿಂದ ಹಿಡಿದು ದೊಡ್ಡವರ ಸ್ಮರಣ ಸಂಚಿಕೆಯವರೆಗೆ ಇದೇ ಅಚ್ಚು. ಓದಿ ಮುಗಿಸಿದ ಮೇಲೆ ತಲೆಯಲ್ಲಿ ಉಳಿಯೋದು ಒಂದು ಜರಿ ಶಾಲು, ಒಂದು ಪದಕ, ಒಂದು ದೊಡ್ಡ ನಮಸ್ಕಾರ. ನಾಲ್ಕು ತಂತಿಯ ಪಿಟೀಲಿಗೆ ಆ ಮನುಷ್ಯ ಇನ್ನೂ ಮೂರು ತಂತಿ ಯಾಕೆ ಕಟ್ಟಿದರು ಅನ್ನೋದನ್ನ ಒಂದು ಸಾಲಿನಲ್ಲಿ ಹೇಳಿ ಮುಂದಕ್ಕೆ ಹೋಗಿಬಿಡುತ್ತಾರೆ. ನಮ್ಮ ಪ್ರಕಾರ ಚೌಡಯ್ಯನವರ ಬದುಕನ್ನು ಆ ಒಂದು ಸಾಲಿನಿಂದಲೇ ಓದಲು ಶುರು ಮಾಡಬೇಕು.

ಅಂತರಘಟ್ಟೆಯಂಥ ಊರಿನ ಕಡೆ ಕೂತುಕೊಂಡು ಕಛೇರಿ ಸಂಗೀತದ ಪಿಟೀಲಿನ ಬಗ್ಗೆ ಬರೆಯೋದೇಕೆ ಅಂತ ಗೆಳೆಯರು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ನಮ್ಮದು ಅಜ್ಜಂಪುರ ಸೀಮೆ. ಫೆಬ್ರವರಿ ಹೊತ್ತಿಗೆ ಅಂತರಘಟ್ಟಮ್ಮನ ಜಾತ್ರೆ ಬಂತೆಂದರೆ ಕಡೂರು, ತರೀಕೆರೆ, ಭದ್ರಾವತಿ ಕಡೆಗಳಿಂದ ಪಾನಕದ ಗಾಡಿಗಳು ಸಾಲುಗಟ್ಟುತ್ತವೆ. ಎತ್ತುಗಳ ಕೊರಳಗಂಟೆ, ದೂಳು, ತಮಟೆ, ಗಂಟಲು ಬಿರಿಯುವ ಕೂಗು. ಅಲ್ಲಿ ಶ್ರುತಿಪೆಟ್ಟಿಗೆಗೆ ಏನು ಕೆಲಸ? ಆದರೆ ಏಳು ತಂತಿಯ ಕತೆ ಹುಟ್ಟಿದ್ದು ದನಿ ಎಷ್ಟು ದೂರ ಹೋಗಬೇಕು, ಯಾರ ಕಿವಿವರೆಗೆ ಹೋಗಬೇಕು ಅನ್ನುವ ಪ್ರಶ್ನೆಯಿಂದ. ಈ ಪ್ರಶ್ನೆ ಕಛೇರಿಯವರಿಗಿಂತ ಮೊದಲೇ ಬಯಲಿನವರಿಗೆ ಸೇರಿದ್ದು. ಆದ್ದರಿಂದ ಚೌಡಯ್ಯನವರನ್ನು ಬಯಲಿನಿಂದ ನೋಡುವ ಹಕ್ಕು ನಮಗಿದೆ ಅಂತ ತಿಳಿದು ಈ ನಾಲ್ಕು ಮಾತು ಬರೆಯುತ್ತಿದ್ದೇವೆ.

*

ಚೌಡಯ್ಯನವರು ಹುಟ್ಟಿದ್ದು 1895ರಲ್ಲಿ, ತಿ. ನರಸೀಪುರದ ಮಗ್ಗುಲಿಗಿರುವ ತಿರುಮಕೂಡಲಿನಲ್ಲಿ. ಕಾವೇರಿ, ಕಪಿಲೆ ಕೂಡುವ ಜಾಗ. ತಂದೆ ಅಗಸ್ತ್ಯೇಗೌಡರು, ತಾಯಿ ಸುಂದರಮ್ಮ. ಹೆಸರನ್ನೇ ಒಂದು ಗಳಿಗೆ ನೋಡಿ: ಚೌಡಯ್ಯ. ಅಗ್ರಹಾರದಲ್ಲಿ ಮಕ್ಕಳಿಗೆ ಇಡುವ ಹೆಸರಲ್ಲ. ಊರ ಹೊರಗಿನ ಚೌಡಮ್ಮನ ಕಡೆಯ ಹೆಸರು. ದೋಣಿ ನಡೆಸುತ್ತಾ ನಿಷ್ಠುರ ವಚನ ಹೇಳಿದ ಅಂಬಿಗರ ಚೌಡಯ್ಯನ ಹೆಸರು. ಇಂಥ ಹೆಸರಿಟ್ಟುಕೊಂಡ ಗೌಡರ ಹುಡುಗ ಮೈಸೂರಿಗೆ ಹೋಗಿ ಬಿಡಾರಂ ಕೃಷ್ಣಪ್ಪನವರ ಮನೆ ಸೇರಿದ.

ಕೃಷ್ಣಪ್ಪನವರೂ ಬಡತನದಿಂದ ಎದ್ದು ಬಂದವರು. ದಕ್ಷಿಣ ಕನ್ನಡದ ಕಡೆಯಿಂದ ಮೈಸೂರಿಗೆ ಬಂದು ನೆಲೆ ನಿಂತವರು. ತೆಲುಗು ಕೃತಿಗಳೇ ಕಛೇರಿಯ ಬಂಡವಾಳವಾಗಿದ್ದ ಕಾಲದಲ್ಲಿ ಕನ್ನಡದ ದೇವರನಾಮಗಳನ್ನು ವೇದಿಕೆಗೆ ತಂದು ಕೂರಿಸಿದವರು. ಕನ್ನಡ ಭಾಷೆಯೇ ಕಛೇರಿಯಲ್ಲಿ ಹಿಂದಿನ ಬೆಂಚಿನಲ್ಲಿದ್ದ ಕಾಲ ಅದು ಅನ್ನೋದನ್ನ ನಾವು ಮರೆಯಬಾರದು. ಆ ಮನೆಯಲ್ಲಿ ಚೌಡಯ್ಯನವರು ವರ್ಷಗಟ್ಟಲೆ ಕಲಿತರು. ಶಿಸ್ತು ಬಿಗಿ, ಸಾಧನೆ ಹಗಲೂ ರಾತ್ರಿ. ಗುರುವಿನ ಗಂಟಲಿನಿಂದ ಬಂದದ್ದನ್ನೆಲ್ಲ ತಂತಿಯ ಮೇಲೆ ತೆಗೆಯಬೇಕು, ಅಕ್ಷರ ಕೇಳಿಸುವ ಹಾಗೆ ತೆಗೆಯಬೇಕು. ಚೌಡಯ್ಯನವರ ಪಿಟೀಲು ನುಡಿಯುತ್ತದೋ ಹಾಡುತ್ತದೋ ಅಂತ ಜನ ಬೆರಗಾದರೆ ಅದರ ಬೇರು ಈ ದುಡಿಮೆಯಲ್ಲಿದೆ. ನಮ್ಮಲ್ಲಿ ಪ್ರತಿಭೆ ಅಂದರೆ ದೇವರ ವರ ಅನ್ನುತ್ತಾರೆ. ಬೆರಳ ತುದಿ ಗಟ್ಟಿಯಾಗಿ ಜಡ್ಡು ಕಟ್ಟುವ ಕೆಲಸವನ್ನು ವರ ಅನ್ನೋದು ದುಡಿಮೆಗೆ ಮಾಡುವ ಅವಮಾನ.

ಪಿಟೀಲಿಗೆ ಕಛೇರಿಯಲ್ಲಿ ಇರುವ ಜಾಗ ಪಕ್ಕವಾದ್ಯದ್ದು. ಹಾಡುವವರು ನಡುವೆ, ಪಿಟೀಲಿನವರು ಪಕ್ಕಕ್ಕೆ. ಹಾಡುವವರು ಮುಂದೆ ನಡೆದರೆ ಇವರು ಹಿಂದೆ ಹೆಜ್ಜೆ ಹಾಕಬೇಕು. ಹೀಗೆ ಪಕ್ಕದಲ್ಲಿ ಕೂತೇ ಚೌಡಯ್ಯನವರು ಹೆಸರು ಮಾಡಿದರು. ಅವರ ಕಾಲದ ಪಿಟೀಲಿನಲ್ಲಿ ಮೂರು ಹೆಸರುಗಳನ್ನು ಒಟ್ಟಿಗೆ ಹೇಳುವುದುಂಟು: ದ್ವಾರಂ ವೆಂಕಟಸ್ವಾಮಿ ನಾಯ್ಡು, ಕುಂಭಕೋಣಂ ರಾಜಮಾಣಿಕ್ಯಂ ಪಿಳ್ಳೈ, ಮೈಸೂರು ಚೌಡಯ್ಯ. ಒಬ್ಬರು ನಾಯ್ಡು, ಒಬ್ಬರು ಪಿಳ್ಳೈ, ಒಬ್ಬರು ಗೌಡರ ಮಗ. ಮೂವರೂ ಬ್ರಾಹ್ಮಣೇತರರು. ಸಂಗೀತದ ಇತಿಹಾಸ ಬರೆದವರು ಈ ಮೂವರ ನುಡಿಸಾಣಿಕೆಯ ಶೈಲಿಭೇದಗಳನ್ನು ಪುಟಗಟ್ಟಲೆ ಬರೆದಿದ್ದಾರೆ. ಈ ಸಂಗತಿಯ ಮುಂದೆ ಮಾತ್ರ ನಿಂತು ಯೋಚಿಸಿದವರು ಕಡಿಮೆ. ಶೂದ್ರನಿಗೆ ಪಕ್ಕದಲ್ಲಿ ಜಾಗ ಸಿಕ್ಕಿತು, ಅದೂ ಅಸಾಧಾರಣನಾಗಿದ್ದರೆ. ಈ ಮೂವರ ಪಿಟೀಲಿಲ್ಲದೆ ದೊಡ್ಡ ದೊಡ್ಡ ಗಾಯಕರ ಕಛೇರಿ ಕಳೆಗಟ್ಟದ ಕಾಲವೂ ಬಂತು.

*

ಈಗ ಏಳು ತಂತಿಗೆ ಬರೋಣ. 1920ರ ದಶಕದಲ್ಲಿ ಕಛೇರಿಗಳಿಗೆ ಮೈಕು ಇರಲಿಲ್ಲ. ಅರಮನೆಯ ತೊಟ್ಟಿಯಲ್ಲಿ ನಲವತ್ತು ಜನರ ಎದುರು ನುಡಿಸುವುದು ಬೇರೆ. ರಾಮನವಮಿ ಚಪ್ಪರದಲ್ಲಿ, ದೇವಸ್ಥಾನದ ಅಂಗಳದಲ್ಲಿ ನೂರಾರು ಜನರ ಎದುರು ನುಡಿಸುವುದು ಬೇರೆ. ಸಂಗೀತ ಅರಮನೆಯಿಂದ ಚಪ್ಪರಕ್ಕೆ ಇಳಿಯುತ್ತಿದ್ದ ಕಾಲ ಅದು. ಹಾಡುವವರು ಕಂಚಿನ ಕಂಠ ಬೆಳೆಸಿಕೊಂಡಿದ್ದರು. ಮೃದಂಗಕ್ಕೆ ಅದರದೇ ಗತ್ತು. ನಡುವೆ ಸಿಕ್ಕಿಕೊಂಡ ಪಿಟೀಲಿನ ದನಿ ಮೊದಲ ಕೆಲವು ಸಾಲು ದಾಟುವಷ್ಟರಲ್ಲಿ ಸೋತು ಹೋಗುತ್ತಿತ್ತು. ಹಿಂದೆ ಕೂತವನಿಗೆ ಕಮಾನು ಆಡುವುದು ಕಾಣಿಸುತ್ತದೆ, ನಾದ ಕೇಳಿಸುವುದಿಲ್ಲ.

ಈ ಕಷ್ಟಕ್ಕೆ ಚೌಡಯ್ಯನವರು ಕಂಡುಕೊಂಡ ದಾರಿ ಏಳು ತಂತಿ. 1927ರಲ್ಲಿ ಅವರು ಪಿಟೀಲಿನ ನಾಲ್ಕು ತಂತಿಗಳಲ್ಲಿ ಮೂರಕ್ಕೆ ಒಂದೊಂದು ಜೋಡಿ ತಂತಿ ಸೇರಿಸಿದರು. ಹೇಳೋದು ಸುಲಭ. ಒಂದೇ ಬೆರಳು ಎರಡು ತಂತಿಯನ್ನು ಒಟ್ಟಿಗೆ ಒತ್ತಬೇಕು, ಒಂದೇ ಕಮಾನು ಎರಡನ್ನೂ ಒಟ್ಟಿಗೆ ಎಳೆಯಬೇಕು. ಜೋಡಿಯಲ್ಲಿ ಒಂದು ಕೂದಲೆಳೆಯಷ್ಟು ಸಡಿಲವಾದರೂ ನಾದ ಒಡೆದು ಹೋಗುತ್ತದೆ. ತೋಳಿಗೆ ಕೆಲಸ ಹೆಚ್ಚು, ಕಿವಿಗೆ ಇನ್ನೂ ಹೆಚ್ಚು. ಇಷ್ಟು ಕಷ್ಟವನ್ನು ಅವರು ಮೈಮೇಲೆ ಎಳೆದುಕೊಂಡದ್ದು ಯಾರಿಗಾಗಿ? ಮುಂದಿನ ಸಾಲಿನ ಜಮಖಾನೆಯ ಮೇಲೆ ಕೂತವರಿಗಾಗಿ ಅಲ್ಲವೇ ಅಲ್ಲ. ಅವರಿಗೆ ನಾಲ್ಕು ತಂತಿಯೂ ಕೇಳಿಸುತ್ತಿತ್ತು. ಆ ಮೂರು ತಂತಿ ಕೊನೇ ಸಾಲಿನವನ ಲೆಕ್ಕದ್ದು.

ಚೌಡಯ್ಯನವರ ನಿಜವಾದ ದೊಡ್ಡಸ್ತಿಕೆ ಇದು ಅಂತ ನಮ್ಮ ತೀರ್ಮಾನ. ಸಂಗೀತದಲ್ಲಿ ನಾಜೂಕಿಗೆ ಸಿಗುವ ಮರ್ಯಾದೆ ಗಟ್ಟಿತನಕ್ಕೆ ಸಿಗುವುದಿಲ್ಲ. ಮೆಲ್ಲಗೆ ಮಾತಾಡುವುದು ಸಂಸ್ಕಾರ, ಜೋರಾಗಿ ಮಾತಾಡುವುದು ಹಳ್ಳಿ ಗಮಾರತನ ಅನ್ನುವ ತೀರ್ಪು ನಮ್ಮ ಕಿವಿಗೆ ಶಾಲೆಯಿಂದಲೇ ಬಿದ್ದಿರುತ್ತದೆ. ಮೆಲ್ಲಗೆ ಮಾತಾಡುವವನಿಗೆ ಎದುರಿಗೇ ಕೇಳುವವರಿರುತ್ತಾರೆ, ಅದಕ್ಕೇ ಅವನಿಗೆ ಮೆಲ್ಲಗೆ ಮಾತಾಡುವ ಅನುಕೂಲ. ಹೊಲದ ಆ ಬದುವಿನಲ್ಲಿ ನಿಂತ ಹೆಂಡತಿಯನ್ನು ಕೂಗುವವನಿಗೆ ಆ ಅನುಕೂಲ ಇಲ್ಲ. ಏಳು ತಂತಿಯನ್ನು ಕಂಡು ಮೂಗು ಮುರಿದವರು ಇದ್ದರು. ಇಷ್ಟು ದನಿ ಯಾಕೆ ಅಂತ ಕೇಳುವವರು ಯಾವಾಗಲೂ ಮುಂದಿನ ಸಾಲಿನವರೇ.

ಕಛೇರಿ ಪ್ರಪಂಚ ಕೊನೆಗೆ ಅವರನ್ನು ಒಪ್ಪಿಕೊಂಡಿತು. 1939ರಲ್ಲಿ ಮೈಸೂರು ಆಸ್ಥಾನದ ವಿದ್ವಾಂಸರಾದರು. ಚೆಂಬೈ ವೈದ್ಯನಾಥ ಭಾಗವತರ ಗಾಯನ, ಪಾಲ್ಘಾಟ್ ಮಣಿ ಅಯ್ಯರ್ ಮೃದಂಗ, ಚೌಡಯ್ಯನವರ ಪಿಟೀಲು ಒಟ್ಟಿಗೆ ಬಂದರೆ ಕಿಕ್ಕಿರಿದ ಸಭೆ. 1943ರಲ್ಲಿ ಕೆ. ಹಿರಣ್ಣಯ್ಯನವರ ನಿರ್ದೇಶನದ 'ವಾಣಿ' ಸಿನಿಮಾದಲ್ಲಿ ಚೌಡಯ್ಯನವರೇ ನಟಿಸಿದರು. ಪಂಢರಿಬಾಯಿ ಪರದೆಗೆ ಬಂದದ್ದೂ ಅದೇ ಸಿನಿಮಾದಿಂದ. 'ತ್ರಿಮಕುಟ' ಅನ್ನುವ ಅಂಕಿತದಲ್ಲಿ ಕೃತಿಗಳನ್ನೂ ರಚಿಸಿದರು. 1957ರಲ್ಲಿ ಮದರಾಸಿನ ಮ್ಯೂಸಿಕ್ ಅಕಾಡೆಮಿ ಸಂಗೀತ ಕಲಾನಿಧಿ ಬಿರುದು ಕೊಟ್ಟಿತು. 1967ರ ಜನವರಿಯಲ್ಲಿ ತೀರಿಕೊಂಡರು. ಅಷ್ಟರಲ್ಲಿ ಮೈಕು ಎಲ್ಲ ಕಡೆ ಬಂದಿತ್ತು. ಶಿಷ್ಯರಲ್ಲಿ ಆರ್. ಆರ್. ಕೇಶವಮೂರ್ತಿಯವರಂಥ ಕೆಲವರು ಏಳು ತಂತಿಯನ್ನು ಉಳಿಸಿಕೊಂಡು ಬಂದರೂ ಉಳಿದವರು ನಾಲ್ಕಕ್ಕೇ ಹಿಂದಿರುಗಿದರು.

*

ಇಲ್ಲಿಯವರೆಗಿನದು ಮೆಚ್ಚುಗೆಯಾಯಿತು. ಇನ್ನು ಮುಂದಿನದನ್ನು ಕೇಳದಿದ್ದರೆ ಇದು ಇನ್ನೊಂದು ಸ್ಮರಣ ಸಂಚಿಕೆಯ ಲೇಖನವಾಗುತ್ತದೆ.

1927ರ ಮಾರ್ಚಿ 20ರಂದು ಮಹಾಡಿನಲ್ಲಿ ಬಾಬಾಸಾಹೇಬ ಅಂಬೇಡ್ಕರ್ ಸಾವಿರಾರು ಜನರೊಂದಿಗೆ ನಡೆದು ಹೋಗಿ ಚವದಾರ್ ಕೆರೆಯ ನೀರು ಕುಡಿದರು. ಡಿಸೆಂಬರ್ 25ರಂದು ಅಲ್ಲೇ ಮನುಸ್ಮೃತಿಯನ್ನು ಸುಟ್ಟರು. ಚೌಡಯ್ಯನವರು ಏಳು ತಂತಿ ಕಟ್ಟಿದ್ದೂ ಅದೇ ವರ್ಷ. ಒಂದಕ್ಕೊಂದು ಸಂಬಂಧವಿಲ್ಲದ ಘಟನೆಗಳು, ಒಪ್ಪಿದೆವು. ಆದರೂ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ. ಒಬ್ಬ ಕಲಾವಿದ ಕೊನೇ ಸಾಲಿನವನಿಗೆ ನಾದ ಮುಟ್ಟಿಸಲು ಹೆಣಗುತ್ತಿದ್ದಾಗ ಈ ದೇಶದಲ್ಲಿ ಯಾವ ಸಾಲಿನಲ್ಲೂ ಕೂರಲು ಬಿಡದ ಜನ ನೀರಿಗಾಗಿ ಸಾಲು ಹಿಡಿದು ನಡೆಯಬೇಕಾಗಿತ್ತು. ಕಛೇರಿ ನಡೆಯುತ್ತಿದ್ದದ್ದು ದೇವಸ್ಥಾನದಲ್ಲಿ, ಭಜನಾ ಮಂದಿರದಲ್ಲಿ, ಅರಮನೆಯಲ್ಲಿ. ದೇವಸ್ಥಾನದ ಬಾಗಿಲು ಯಾರಿಗೆ ತೆರೆದಿತ್ತೋ ಸಂಗೀತದ ಬಾಗಿಲೂ ಅವರಿಗೇ ತೆರೆದಿತ್ತು. ಏಳಲ್ಲ, ಎಪ್ಪತ್ತು ತಂತಿ ಕಟ್ಟಿದರೂ ಕೊನೇ ಸಾಲಿನಾಚೆ ನಿಂತವನನ್ನು ಪಿಟೀಲು ಒಳಕ್ಕೆ ಕರೆಯಲಾರದು. ಅದು ಚೌಡಯ್ಯನವರ ಕಮಾನಿನ ತಪ್ಪಲ್ಲ. ಆ ಕಮಾನು ಎಲ್ಲಿಗೆ ನಿಂತಿತು ಅನ್ನೋದನ್ನ ಗುರುತು ಮಾಡದೆ ಹೋದರೆ ಅದು ವಿಮರ್ಶೆಯ ತಪ್ಪು.

ಒಳಗೆ ಬರುವ ವಾದ್ಯ ಯಾವುದು, ಹೊರಗೆ ನಿಲ್ಲುವ ವಾದ್ಯ ಯಾವುದು ಅನ್ನೋದನ್ನೂ ನೋಡಬೇಕು. ಪಿಟೀಲು ನಮ್ಮ ನಾಡಿನದಲ್ಲ. ಇಂಗ್ಲಿಷರ ಜತೆ ಬಂದದ್ದು, ಅವರ ಬ್ಯಾಂಡಿನಲ್ಲಿ ಇದ್ದದ್ದು. ಅದು ಇಲ್ಲಿಗೆ ಬಂದ ಕಾಲದಲ್ಲಿ ತಂತಿ ಕುರಿಯ ಕರುಳಿನದು, ಕಮಾನು ಕುದುರೆ ಬಾಲದ ಕೂದಲಿನದು. ಅದನ್ನು ಮೊದಮೊದಲು ಕೈಗೆತ್ತಿಕೊಂಡವರಲ್ಲಿ ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರಿದ್ದರು, ತಂಜಾವೂರಿನ ನಟ್ಟುವನಾರ್ ಮನೆತನದ ವಡಿವೇಲು ಇದ್ದರು. ಸಮುದ್ರ ದಾಟಿ ಬಂದ ಮಾಂಸಾಹಾರಿಗಳ ಕರುಳಿನ ವಾದ್ಯ ನೂರು ವರ್ಷದೊಳಗೆ ಗರ್ಭಗುಡಿಯ ಮುಂದೆ ಕೂತಿತು. ಯಾವ ಪುರೋಹಿತನೂ ಮೈಲಿಗೆ ಅನ್ನಲಿಲ್ಲ. ಊರ ತಮಟೆ ಸಾವಿರಾರು ವರ್ಷದಿಂದ ಇಲ್ಲೇ ಇದೆ. ಅದು ಗುಡಿಯ ಹೊರಗೇ ನಿಂತಿದೆ. ಚರ್ಮ ಅನ್ನೋದು ಕಾರಣ ಅಂತೀರಾ? ಹಾಗಾದರೆ ಮೃದಂಗಕ್ಕೆ ಮುಚ್ಚಿರುವುದೇನು? ಹಸು, ಎಮ್ಮೆ, ಮೇಕೆಯ ಚರ್ಮ. ಚರ್ಮ ಒಂದೇ, ಅದನ್ನು ಬಾರಿಸುವ ಕೈಯ ಜಾತಿ ಬೇರೆ.

ಚೌಡಯ್ಯನವರ ಪಕ್ಕದಲ್ಲಿ ಗುಡುಗಿದ ಮಣಿ ಅಯ್ಯರ್ ಅವರ ಮೃದಂಗವನ್ನೇ ತೆಗೆದುಕೊಳ್ಳಿ. ಅದಕ್ಕೆ ಚರ್ಮ ಆರಿಸಿ, ಹದ ಮಾಡಿ, ಕಟ್ಟಿಕೊಟ್ಟವರಲ್ಲಿ ಮುಖ್ಯರು ತಂಜಾವೂರಿನ ಪರ್ಲಾಂದು ಅನ್ನುವ ದಲಿತ ಕ್ರೈಸ್ತ ಕುಶಲಿ. ಯಾವ ಚರ್ಮ ಯಾವ ನಾದ ಕೊಡುತ್ತದೆ ಅನ್ನೋದು ಆತನ ಕಿವಿಗೆ ಗೊತ್ತು, ಕೈಗೆ ಗೊತ್ತು. ಕಛೇರಿಯ ಆಹ್ವಾನ ಪತ್ರದಲ್ಲಿ ಅವನ ಹೆಸರಿಗೆ ಜಾಗವಿಲ್ಲ. ಗಾಯಕ ಟಿ. ಎಂ. ಕೃಷ್ಣ ಈ ಮೃದಂಗ ಕಟ್ಟುವವರ ಬಗ್ಗೆಯೇ 'ಸೆಬಾಸ್ಟಿಯನ್ ಅಂಡ್ ಸನ್ಸ್' ಅನ್ನುವ ಪುಸ್ತಕ ಬರೆದರು. 2020ರ ಆರಂಭದಲ್ಲಿ ಅದರ ಬಿಡುಗಡೆಗೆ ಮೊದಲು ಸಭಾಂಗಣ ಕೊಟ್ಟಿದ್ದ ಚೆನ್ನೈನ ಕಲಾಕ್ಷೇತ್ರ ಸಮಾರಂಭಕ್ಕೆ ಕೆಲವೇ ದಿನ ಮುಂಚೆ ಅನುಮತಿ ಹಿಂತೆಗೆದುಕೊಂಡಿತು. ಪುಸ್ತಕ ಬೇರೆ ಕಡೆ ಬಿಡುಗಡೆಯಾಯಿತು. ಮೃದಂಗ ಒಳಗೆ ಬರಬಹುದು, ಮೃದಂಗ ಕಟ್ಟಿದವನ ಕತೆ ಒಳಗೆ ಬರಬಾರದು. ಇದು ನಡೆದದ್ದು ಮೊನ್ನೆ ಮೊನ್ನೆ.

*

ಇದು ನಮ್ಮ ದೇಶದ ರೋಗ ಮಾತ್ರ ಅಂದುಕೊಳ್ಳಬೇಡಿ. ಪಿಟೀಲು ಇನ್ನೊಂದು ದಿಕ್ಕಿಗೂ ಹೋಯಿತು. ಅಮೆರಿಕದ ಕೆಂಟಕಿ ಸೀಮೆಯ ಗುಡ್ಡಗಾಡಿನಲ್ಲಿ ರೈತರು, ಕಲ್ಲಿದ್ದಲು ಗಣಿಯ ಕೂಲಿಗಳು ಸಂಜೆ ಹೊತ್ತು ಪಿಟೀಲು ಬಾರಿಸಿ ಕುಣಿಯುತ್ತಿದ್ದರು. ಆ ಹಳ್ಳಿ ಹಾಡಿಕೆಯಿಂದ ಬೆಳೆದ ಒಂದು ಬಗೆಯ ತಂತಿವಾದ್ಯಗಳ ಸಂಗೀತಕ್ಕೆ ಬ್ಲೂಗ್ರಾಸ್ ಅಂತ ಹೆಸರು. ಪಿಟೀಲು, ಬ್ಯಾಂಜೊ, ಗಿಟಾರು, ಮ್ಯಾಂಡೊಲಿನ್ನು, ಮೇಲೆ ಏರುದನಿಯ ಹಾಡು. ಇದರ ಪಿತಾಮಹ ಅನ್ನಿಸಿಕೊಂಡವನು ಬಿಲ್ ಮನ್ರೊ ಅನ್ನುವ ಬಿಳಿಯ. 1939ರಲ್ಲಿ ರೇಡಿಯೋದ ದೊಡ್ಡ ಕಾರ್ಯಕ್ರಮವೊಂದಕ್ಕೆ ಸೇರಿ ದೇಶಕ್ಕೆಲ್ಲ ಪರಿಚಿತನಾದ. ದಶಕಗಳವರೆಗೆ ಬ್ಲೂಗ್ರಾಸ್ ಅಂದರೆ ಬಿಳಿಯರ ಸಂಗೀತ ಅಂತಲೇ ಲೋಕ ನಂಬಿತ್ತು.

ಆದರೆ ಆ ಬ್ಯಾಂಜೊ ಗುಲಾಮರ ಹಡಗಿನಲ್ಲಿ ಬಂದ ಆಫ್ರಿಕನ್ನರ ವಾದ್ಯದಿಂದ ಹುಟ್ಟಿದ್ದು. ಮನ್ರೊ ಹುಡುಗನಾಗಿದ್ದಾಗ ಅವನನ್ನು ಜತೆಗೆ ಕರೆದುಕೊಂಡು ಕುಣಿತದ ಕೂಟಗಳಲ್ಲಿ ನುಡಿಸಲು ಕೂರಿಸಿದವನು ಆರ್ನಾಲ್ಡ್ ಶುಲ್ಟ್ಸ್ ಅನ್ನುವ ಕರಿಯ ಪಿಟೀಲುಗಾರ. 1886ರಲ್ಲಿ ಹುಟ್ಟಿದವನು, ಕಲ್ಲಿದ್ದಲು ಗಣಿಯಲ್ಲಿ ದುಡಿದವನು, ಗಿಟಾರಿನಲ್ಲೂ ಎತ್ತಿದ ಕೈ. 1931ರಲ್ಲಿ ಸತ್ತ. ಅವನ ಒಂದೇ ಒಂದು ಹಾಡೂ ಪ್ಲೇಟಿನಲ್ಲಿ ಮುದ್ರಣವಾಗಲಿಲ್ಲ. ಮನ್ರೊ ತನಗೆ ಪಿಟೀಲಿನ ರುಚಿ ಹಚ್ಚಿದ ಸ್ವಂತ ಮಾವನ ಮೇಲೆ ಹಾಡು ಕಟ್ಟಿದ, ಅದು ಮನೆಮಾತಾಯಿತು. ಶುಲ್ಟ್ಸನ ಋಣವನ್ನೂ ಮಾತಿನಲ್ಲಿ ಒಪ್ಪಿಕೊಂಡ. ಮಾತಿನ ಋಣಕ್ಕೆ ಪ್ಲೇಟಿಲ್ಲ, ರೇಡಿಯೋ ಇಲ್ಲ.

2005ರಲ್ಲಿ ರಿಯಾನನ್ ಗಿಡೆನ್ಸ್ ಅನ್ನುವ ಗಾಯಕಿ, ಪಿಟೀಲು ಬ್ಯಾಂಜೊ ಎರಡನ್ನೂ ನುಡಿಸುವ ಕರಿಯ ಹೆಣ್ಣುಮಗಳು, ಗೆಳೆಯರ ಜತೆ ಉತ್ತರ ಕೆರೊಲಿನಾದ ಜೋ ಥಾಂಪ್ಸನ್ ಅನ್ನುವ ಮುದುಕನ ಮನೆ ಬಾಗಿಲಿಗೆ ಹೋದಳು. ಆತ ಕರಿಯರ ಹಳ್ಳಿ ಪಿಟೀಲಿನ ಪರಂಪರೆಯ ಕೊನೆಯ ಕೊಂಡಿಗಳಲ್ಲಿ ಒಬ್ಬ, ಆಗ ಎಂಬತ್ತು ದಾಟಿದ್ದ. ಅವನಿಂದ ಕಲಿತು ಈ ಹುಡುಗರು ತಂಡ ಕಟ್ಟಿ ಊರೂರು ನುಡಿಸಿದರು. 2017ರಲ್ಲಿ ಬ್ಲೂಗ್ರಾಸ್‌ನವರ ಅಂತರರಾಷ್ಟ್ರೀಯ ಸಂಘ ಗಿಡೆನ್ಸ್‌ಳನ್ನು ದಿಕ್ಸೂಚಿ ಭಾಷಣಕ್ಕೆ ಕರೆಯಿತು. ಈ ಸಂಗೀತ ಹುಟ್ಟಿದ್ದೇ ಕರಿಯರ ಬಿಳಿಯರ ಬೆರಕೆಯಿಂದ ಅಂತ ಅವರೆಲ್ಲರ ಎದುರೇ ಅವಳು ಎತ್ತಿ ಹೇಳಿದಳು. ನಾವು ಈ ಕತೆ ಹೇಳಿದ್ದು ಅಮೆರಿಕವನ್ನು ಹೊಗಳಲಿಕ್ಕಲ್ಲ. ಹೊರಗಿಟ್ಟ ಜನರ ಮಕ್ಕಳು ತಾವೇ ಮುದುಕರ ಬಾಗಿಲಿಗೆ ಹೋಗಿ, ಕಲಿತು, ವೇದಿಕೆ ಹತ್ತಿ, ಲೆಕ್ಕ ಕೇಳಿದರು ಅನ್ನೋದನ್ನ ಗಮನಿಸಿ ಅಂತ ಹೇಳಿದ್ದು.

*

ಈಗ ನಮ್ಮ ಬಾಗಿಲಿಗೆ ಬರೋಣ. ಚೌಡಯ್ಯನವರು ಹುಟ್ಟಿದ ತಿ. ನರಸೀಪುರದ ಸುತ್ತಮುತ್ತಲೇ, ಮಳವಳ್ಳಿ ಕೊಳ್ಳೇಗಾಲದ ಕಡೆ, ನೀಲಗಾರರು ತಂಬೂರಿ ಹಿಡಿದು ರಾತ್ರಿಯಿಡೀ ಮಂಟೇಸ್ವಾಮಿ ಕಾವ್ಯ ಹಾಡುತ್ತ ಬಂದಿದ್ದಾರೆ. ಅವರಲ್ಲಿ ಬಹಳ ಜನ ದಲಿತರು. ಅದೂ ತಂತಿ, ಅದೂ ಹಾಡು, ಅದಕ್ಕೂ ಗುರು ಉಂಟು, ದೀಕ್ಷೆ ಉಂಟು. ಒಂದೇ ತಾಲ್ಲೂಕಿನ ಎರಡು ತಂತಿಗಳು. ಒಂದು ಮೈಸೂರಿಗೆ ಹೋಗಿ ಶಾಸ್ತ್ರೀಯವಾಯಿತು, ಇನ್ನೊಂದು ಊರಲ್ಲೇ ಉಳಿದು ಜಾನಪದವಾಯಿತು. ಚೌಡಯ್ಯನವರ ರಚನೆಗಳಲ್ಲಾಗಲಿ ಕಛೇರಿಯಲ್ಲಾಗಲಿ ಈ ಎರಡನೇ ತಂತಿಯ ಸದ್ದು ಬಂದದ್ದಿಲ್ಲ. ಅವರು ಕೊನೇ ಸಾಲಿಗೆ ನಾದ ಕಳಿಸಿದರು. ಕೊನೇ ಸಾಲಿನಿಂದ ನಾದ ತರಿಸಿಕೊಳ್ಳಲಿಲ್ಲ. ಅವರ ಬಗ್ಗೆ ನಾವು ಎತ್ತುವ ತಕರಾರು ಇದೊಂದೇ, ಅದನ್ನು ಗೌರವದಿಂದಲೇ ಎತ್ತುತ್ತೇವೆ.

ನಮ್ಮ ಸೀಮೆಯ ಅಮ್ಮನ ಜಾತ್ರೆ, ಮಾರಿಹಬ್ಬಗಳನ್ನು ನೋಡಿ. ಮಾದಿಗರ ಅಸಾದಿ ಹಾಡದೆ ಮಾರಿಯ ಕಾರ್ಯ ಸಾಗುವುದಿಲ್ಲ. ಅಮ್ಮನ ಹುಟ್ಟು, ಅವಳ ಮದುವೆಯಲ್ಲಿ ನಡೆದ ಜಾತಿಯ ಮೋಸ, ಅವಳ ಸಿಟ್ಟು, ಕೋಣನ ಕತೆ ಎಲ್ಲ ಅವನ ಬಾಯಲ್ಲಿ. ಹೊಗಳುತ್ತಾನೆ, ಮರುಗಳಿಗೆಗೆ ಅಮ್ಮನನ್ನೇ ಬಯ್ಯುತ್ತಾನೆ. ನೆರೆದ ಗೌಡರು ಶಾನುಭೋಗರು ತಲೆ ತಗ್ಗಿಸಿ ಕೇಳಬೇಕು. ದೇವರನ್ನು ಎದುರಿಗೆ ನಿಲ್ಲಿಸಿಕೊಂಡು ಬಯ್ಯುವ ಹಕ್ಕು ಯಾವ ಆಸ್ಥಾನ ವಿದ್ವಾಂಸನಿಗಿತ್ತು? ಆ ಒಂದು ರಾತ್ರಿ ಮುಗಿದರೆ ಅವನು ಮತ್ತೆ ಕೇರಿಗೆ. ದನಿ ಊರ ನಡುವೆ ಬರಬಹುದು, ದನಿಯ ಒಡೆಯ ಬರಬಾರದು. ಚೌಡಿಕೆಯ ಕತೆಯೂ ಅಷ್ಟೆ. ಒಂದು ಮರದ ಕೊಳಗ, ಒಂದು ಚರ್ಮ, ಒಂದೇ ತಂತಿ. ಎಲ್ಲಮ್ಮನ ಜೋಗತಿಯರು ಆ ಒಂದು ತಂತಿಯಲ್ಲಿ ಇಡೀ ಪುರಾಣ ತೆಗೆಯುತ್ತಾರೆ. ಅದೇ ಕೊರಳಿಗೆ ಮುತ್ತು ಕಟ್ಟಿದ್ದು ಯಾರ ಮನೆ ಹೆಣ್ಣುಮಕ್ಕಳಿಗೆ, ಯಾರ ಸುಖಕ್ಕೆ ಅನ್ನೋದು ಎಲ್ಲರಿಗೂ ಗೊತ್ತು. ಆ ಕಟ್ಟನ್ನು ನಿಷೇಧಿಸಲು 1982ರಲ್ಲಿ ಕರ್ನಾಟಕದಲ್ಲಿ ಕಾನೂನೇ ಬರಬೇಕಾಯಿತು.

ಇಲ್ಲಿಗೆ ನಮ್ಮೊಳಗಿನ ಹಳೆಯ ಜಗಳ ಬರುತ್ತದೆ. ಸಂಕೋಲೆಯ ಜತೆ ಹುಟ್ಟಿದ ಕಲೆಯನ್ನು ಏನು ಮಾಡಬೇಕು? 1970ರ ದಶಕದಲ್ಲಿ ನಮ್ಮ ಪಕ್ಕದ ಭದ್ರಾವತಿಯಲ್ಲಿ ಪ್ರೊ. ಬಿ. ಕೃಷ್ಣಪ್ಪನವರೂ ಗೆಳೆಯರೂ ದಲಿತ ಸಂಘರ್ಷ ಸಮಿತಿ ಕಟ್ಟಿದಾಗ ಊರೂರಲ್ಲಿ ಹುಡುಗರು ಬಿಟ್ಟಿ ತಮಟೆ ಬಾರಿಸೋದಿಲ್ಲ, ಸತ್ತ ದನ ಹೊರೋದಿಲ್ಲ ಅಂತ ಎದ್ದು ನಿಂತರು. ಹಾಗೆ ನಿಂತದ್ದಕ್ಕೆ ಬಹಿಷ್ಕಾರ ಉಂಡವರಿದ್ದಾರೆ. ಅದೇ ಹುಡುಗರು ಜಾಥಾದಲ್ಲಿ ಹೋರಾಟದ ಹಾಡಿಗೆ ಅದೇ ತಮಟೆಯನ್ನು ಎತ್ತಿಕೊಂಡರು. ಇದು ಇಬ್ಬಂದಿತನ ಅಂತ ಪಟ್ಟಣದ ಕೆಲವು ಪಂಡಿತರು ನಕ್ಕರು. ಇದರಲ್ಲಿ ಇಬ್ಬಂದಿತನವೇನಿದೆ? ಗೌಡ ಕರೆ ಕಳಿಸಿದಾಗ ಬಾರಿಸದೆ ಇರೋದು, ತನಗೆ ಬೇಕಾದಾಗ ಬಾರಿಸೋದು, ಎರಡೂ ಒಂದೇ ಸ್ವಾತಂತ್ರ್ಯ. ತಮಟೆ ಬಿಟ್ಟು ಕಂಪ್ಯೂಟರ್ ಕಲಿಯುತ್ತೇನೆ ಅನ್ನುವ ಕೇರಿಯ ಹುಡುಗನಿಗೆ 'ಅಯ್ಯೋ ಪರಂಪರೆ ಅಳಿಯುತ್ತದಲ್ಲ' ಅಂತ ಬುದ್ಧಿ ಹೇಳಲು ಯಾರಿಗೂ ಹಕ್ಕಿಲ್ಲ. ಹಾಗೆ ಮರುಗುವವರು ಮೊದಲು ತಮ್ಮ ಮಗನ ಕೈಗೆ ತಮಟೆ ಕೊಡಲಿ.

ಈಚೆಗೆ ಸರ್ಕಾರ ಗುರುತಿಸುವುದು ಶುರುವಾಗಿದೆ. ಜೋಗತಿ ನೃತ್ಯದ, ಚೌಡಿಕೆ ಪದದ ಮಂಜಮ್ಮ ಜೋಗತಿ 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದರು, 2021ರಲ್ಲಿ ಅವರಿಗೆ ಪದ್ಮಶ್ರೀ ಬಂತು. 2023ರಲ್ಲಿ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ ತಮಟೆಗಾಗಿಯೇ ಪದ್ಮಶ್ರೀ ಬಂತು. ಸಂತೋಷ. ಇಬ್ಬರೂ ಅದಕ್ಕೆ ಅರ್ಹರು. ಆದರೆ ದಿಲ್ಲಿಯಲ್ಲಿ ಪದಕ ಕೊಟ್ಟ ತಮಟೆಯನ್ನು ಹಳ್ಳಿಯಲ್ಲಿ ಹೇಗೆ ಕರೆಯುತ್ತಾರೆ ಅನ್ನೋದು ನಮ್ಮ ಪ್ರಶ್ನೆ. ಪಿಟೀಲಿನವರಿಗೆ ಕಾರು, ಸಂಭಾವನೆ, ಶಾಲು, ಊಟದ ಎಲೆ. ತಮಟೆಯವರಿಗೆ ಚಪ್ಪರದ ಹಿಂದೆ ಬೇರೆ ಲೋಟ, ಕೊನೆಗೆ ಒಂದಿಷ್ಟು ಚಿಲ್ಲರೆ, ಮೇಲೊಂದು ಬಯ್ಗುಳ. ಈ ಎರಡು ಲೆಕ್ಕ ಒಂದಾಗುವವರೆಗೆ ಪದ್ಮಶ್ರೀಯಿಂದ ಕೇರಿಗೆ ಬೆಳಕು ಬಂದ ಹಾಗಲ್ಲ.

*

ಬೆಂಗಳೂರಿನಲ್ಲಿ 1980ರಲ್ಲಿ ಚೌಡಯ್ಯನವರ ಹೆಸರಿನ ಸಭಾಂಗಣ ಎದ್ದಿತು. ಕಟ್ಟಡವೇ ಪಿಟೀಲಿನ ಆಕಾರ. ಕೆ. ಕೆ. ಮೂರ್ತಿಯವರು ಮುಂದೆ ನಿಂತು ಕಟ್ಟಿಸಿದ್ದು. ಸಾವಿರಕ್ಕೂ ಹೆಚ್ಚು ಜನ ಕೂರಬಹುದು, ಕೊನೇ ಕುರ್ಚಿಗೂ ಮೈಕಿನಿಂದ ಸದ್ದು ಚೆನ್ನಾಗಿ ಕೇಳುತ್ತದೆ. ಪಕ್ಕವಾದ್ಯದವನೊಬ್ಬನ ಹೆಸರಿಗೆ ಇಷ್ಟು ದೊಡ್ಡ ಮನೆ ಕಟ್ಟಿದ್ದು ಸಣ್ಣ ಮಾತಲ್ಲ. ಗೌಡರ ಮಗನ ಪಿಟೀಲು ಊರಿಗೇ ಗುರುತಾಯಿತು ಅಂತ ನಾವೂ ಹೆಮ್ಮೆಪಡುತ್ತೇವೆ. ಆದರೆ ಆಕಾರವನ್ನು ಸಿಮೆಂಟಿನಲ್ಲಿ ಹಿಡಿಯೋದು ಸುಲಭ. ಆ ಏಳು ತಂತಿಯ ಹಿಂದಿದ್ದ ಯೋಚನೆಯನ್ನು, ಹಿಂದೆ ಕೂತವನಿಗೂ ಕೇಳಬೇಕು ಅನ್ನುವ ಹಟವನ್ನು, ಹಿಡಿದುಕೊಳ್ಳೋದು ಕಷ್ಟ.

ಆದ್ದರಿಂದ ಕಡೂರು, ತರೀಕೆರೆ, ಅಜ್ಜಂಪುರ ತಾಲ್ಲೂಕುಗಳ ಮೇಷ್ಟ್ರುಗಳಿಗೆ, ಮೇಡಮ್ಮುಗಳಿಗೆ, ಕಾಲೇಜು ಹುಡುಗ ಹುಡುಗಿಯರಿಗೆ ನಮ್ಮದೊಂದು ಕೋರಿಕೆ. ಮಕ್ಕಳಿಗೆ ಚೌಡಯ್ಯನವರ ಪಾಠ ಮಾಡುವಾಗ ಬಿರುದುಗಳ ಪಟ್ಟಿ ಕೊನೆಗಿರಲಿ. ಏಳು ತಂತಿ ಯಾಕೆ ಅಂತ ಮೊದಲು ಕೇಳಿ. ಆಟದ ಬಯಲಲ್ಲಿ ಮಕ್ಕಳನ್ನು ಸಾಲಾಗಿ ಕೂರಿಸಿ, ಮುಂದೆ ನಿಂತು ಮೆಲ್ಲಗೆ ಒಂದು ಮಾತು ಹೇಳಿ, ಕೊನೇ ಸಾಲಿನ ಮಗುವಿಗೆ ಕೇಳಿಸಿತೇ ವಿಚಾರಿಸಿ. ಆ ಸಾಲಿನಲ್ಲಿ ಯಾವ ಕೇರಿಯ ಮಗು ಕೂತಿದೆ ಅಂತಲೂ ನೀವೇ ಕಣ್ಣು ಬಿಟ್ಟು ನೋಡಿಕೊಳ್ಳಿ. ಆಮೇಲೆ ನಿಮ್ಮ ಊರಿನ ಅಸಾದಿಯನ್ನು, ತಮಟೆಯವರನ್ನು, ಚೌಡಿಕೆಯವರನ್ನು ಶಾಲೆಗೆ ಕರೆಯಿರಿ. ಆಗಸ್ಟ್ 15ರ ಮೆರವಣಿಗೆಗೆ ಮುಂದೆ ಬಾರಿಸಲು ಅಂತ ಕರೆಯಬೇಡಿ. ಪಾಠ ಹೇಳುವ ಮೇಷ್ಟ್ರು ಅಂತ ಕರೆಯಿರಿ, ಕುರ್ಚಿ ಹಾಕಿ, ಒಂದೇ ಲೋಟದಲ್ಲಿ ಚಹಾ ಕೊಡಿ, ಸಂಭಾವನೆ ಕೊಡಿ. ಅವರು ಬರೋದಿಲ್ಲ ಅಂದರೆ ಆ ಮಾತನ್ನೂ ಗೌರವಿಸಿ. ಒಪ್ಪಿದರೆ ಅವರು ಹೇಳಿದ ಕತೆಯನ್ನು ಬರೆದಿಡಿ. ಕತೆಯ ಕೆಳಗೆ 'ಜನಪದ' ಅಂತ ಬರೆದು ಕೈ ತೊಳೆದುಕೊಳ್ಳಬೇಡಿ; ಯಾರಿಂದ ಕಲಿತರು ಅಂತ ಕೇಳಿ, ಅವರನ್ನೂ ಒಪ್ಪಿಸಿ, ಹಾಡಿದವರ ಹೆಸರು, ಕಲಿಸಿದವರ ಹೆಸರು ಎರಡನ್ನೂ ಬರೆಯಿರಿ. ಶುಲ್ಟ್ಸನ ಪಿಟೀಲು ಹೇಗಿತ್ತು ಅಂತ ಕೇಳಲು ಇವತ್ತು ಯಾರಿಗೂ ದಾರಿಯಿಲ್ಲ. ನಮ್ಮ ಅಸಾದಿಯ ದನಿ ಇನ್ನೂ ಇದೆ, ಮುಂದಿನ ಜಾತ್ರೆಗೂ ಬರುತ್ತದೆ. ಆ ಹೊತ್ತಿಗೆ ಕೈಯಲ್ಲಿ ಒಂದು ನೋಟ್‌ಬುಕ್ಕು ಹಿಡಿದುಕೊಂಡು ಕನಿಷ್ಠ ಹತ್ತು ಜನರಾದರೂ ಕೇಳಲು ಕೂತಿರಬೇಕು.